ಪ್ರಮಾಣಪತ್ರ ಯಾವ ಕೆಲಸಕ್ಕೆ ಬೇಕು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹಾರ್ಥಿ ತಾಲ್ಲೂಕು ಕೇಂದ್ರವೊಂದರಲ್ಲಿ ವಾಸವಾಗಿರುವ 36 ವರ್ಷದ ಗೃಹಿಣಿ. ಅರ್ಥಶಾಸ್ತ್ರ ಓದಿ ಬಿ.ಎ. ಮುಗಿಸಿದವರು, ಮದುವೆಯ ನಂತರ ಹೊರಗೆ ದುಡಿದವರಲ್ಲ. ಕಿರಿಯ ಮಗಳು ಶಾಲೆಗೆ ಸೇರಿದ ಮೇಲೆ ಹಣಕಾಸು ಕ್ಷೇತ್ರದಲ್ಲಿ ಕೆಲಸ ಹುಡುಕಬೇಕೆಂದು ಮೊಬೈಲಿನಲ್ಲಿ ವಿಚಾರಿಸಿದಾಗಿನಿಂದ ಖಾಸಗಿ ತರಬೇತಿ ಸಂಸ್ಥೆಯೊಂದರ ಕರೆಗಳು ದಿನವೂ ಬರತೊಡಗಿದ್ದವು. ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್, ಶುಲ್ಕ 80 ಸಾವಿರ ರೂಪಾಯಿ, ಹಣವಿಲ್ಲದಿದ್ದರೆ ಕಂತಿನ ಸಾಲ, ಮುಗಿದ ಮೇಲೆ ಬ್ಯಾಂಕಿನಲ್ಲಿ ಕೆಲಸ ಖಚಿತ ಎಂಬುದು ಅವರ ಮಾತು. ಗಂಡನಿಗೆ ತಿಳಿಸದೆ ಆಧಾರ್, ಪ್ಯಾನ್ ಪ್ರತಿಗಳನ್ನು ಕಳುಹಿಸಿದ್ದ ಇವರು, ಸಾಲದ ಕರಾರಿಗೆ ಒಪ್ಪಿಗೆ ಕೊಡುವ ಹಿಂದಿನ ದಿನ ನನ್ನ ಬಳಿ ಬಂದರು.

“ಈ ವಯಸ್ಸಲ್ಲಿ ಇನ್ನೇನು ಓದು ಅಂತ ನಮ್ಮತ್ತೆ ಕೇಳಿದ್ರೆ ಏನು ಹೇಳ್ಲಿ ಮೇಡಂ? ಕೆಲಸ ಸಿಕ್ಕ ಮೇಲೇ ಹೇಳೋಣ ಅಂತಿದ್ದೆ” ಎಂದರು. ಓದಿನ ಆಸೆಗಿಂತಲೂ ಮನೆಯವರೆದುರು ತಮ್ಮನ್ನು ಸಾಬೀತುಪಡಿಸಿಕೊಳ್ಳುವ ಆತುರವೇ ಇವರನ್ನು ದುಬಾರಿ ಕೋರ್ಸಿನತ್ತ ತಳ್ಳಿತ್ತೆಂದು ನನಗೆ ಅನಿಸಿತು. ಆ ಆಸೆ ಸಣ್ಣದಲ್ಲ, ಅದನ್ನು ಗೌರವದಿಂದಲೇ ಕಾಣಬೇಕು. ಆದರೆ ಗುಟ್ಟಾಗಿ ತೆಗೆದ ಸಾಲ ಅದಕ್ಕೆ ನೆರವಾಗಲಾರದು.

ಮೊದಲು ಕರಾರಿಗೆ ಒಪ್ಪದಿರುವಂತೆ ಹೇಳಿದೆ. ಇಂಥ ಸಾಲದ ಕರಾರು ಆಗುವುದು ತರಬೇತಿ ಸಂಸ್ಥೆಯೊಂದಿಗಲ್ಲ, ಹಣಕಾಸು ಕಂಪನಿಯೊಂದಿಗೆ. ಅರ್ಧದಲ್ಲಿ ಓದು ಬಿಟ್ಟರೂ ಕಂತು ತಾನಾಗಿ ನಿಲ್ಲುವುದಿಲ್ಲ. ಡಿಜಿಟಲ್ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮಗಳಂತೆ, ಸಾಲ ಪಡೆದ ಆರಂಭದ ನಿಗದಿತ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನಗಳ ವೆಚ್ಚವನ್ನು ಮರಳಿಸಿ ದಂಡವಿಲ್ಲದೆ ಹೊರಬರಬಹುದು. ಆದರೆ ಆ ಅವಧಿ ತೀರಾ ಚಿಕ್ಕದಾಗಿರಬಹುದಾದ್ದರಿಂದ ಅದನ್ನು ನಂಬಿ ಸಹಿ ಹಾಕುವುದು ತರವಲ್ಲ. ಕೆಲಸದ ಭರವಸೆಯನ್ನು ಬರಹದಲ್ಲಿ ಕೇಳುವಂತೆಯೂ ತಿಳಿಸಿದೆ.

ಬ್ಯಾಂಕಿನ ಕೆಲಸದ ಬಗ್ಗೆ ಕಟುವಾದರೂ ನಿಜವನ್ನೇ ಹೇಳಬೇಕಾಯಿತು. ಸರ್ಕಾರಿ ಬ್ಯಾಂಕುಗಳಿಗೆ ಐಬಿಪಿಎಸ್ ಎಂಬ ನೇಮಕಾತಿ ಸಂಸ್ಥೆ ನಡೆಸುವ ಪ್ರೊಬೇಷನರಿ ಅಧಿಕಾರಿ ಪರೀಕ್ಷೆಗೆ ಯಾವುದೇ ಪದವಿ ಸಾಕು, ಇಂಥ ಸರ್ಟಿಫಿಕೇಟಿಗೆ ಅಲ್ಲಿ ಅಂಕವಿಲ್ಲ. ಸಾಮಾನ್ಯ ವರ್ಗದ ವಯೋಮಿತಿ 30, ಮೀಸಲಾತಿಯಿಂದ ಇವರಿಗೆ ಸಿಗುವ ಸಡಿಲಿಕೆ ಸೇರಿಸಿದರೂ ಇವರ ವಯಸ್ಸು ಅದನ್ನು ದಾಟಿದೆ. ಕೇಳಿ ಅತ್ತರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಜವಾಗಿ ಯಾವ ಕೆಲಸ ಇಷ್ಟವೆಂದು ಕೇಳಿದೆ. ಮಹಿಳಾ ಸಂಘದ ಲೆಕ್ಕ ಬರೆಯುವ ಇವರನ್ನು ನೆರೆಹೊರೆಯವರು ಉಳಿತಾಯದ ಬಗ್ಗೆ ಸಲಹೆ ಕೇಳುತ್ತಾರಂತೆ. ಆ ಮಾತು ಬಂದಾಗ ಇವರ ದನಿಯೇ ಬದಲಾಯಿತು.

ಹಾಗಿದ್ದರೆ ದಾರಿ ಬೇರೆ. ಮ್ಯೂಚುವಲ್ ಫಂಡ್ ವಿತರಕರಾಗಲು, ಅಂದರೆ ಆ ಹೂಡಿಕೆ ಯೋಜನೆಗಳನ್ನು ಜನರಿಗೆ ಮಾರಿಕೊಡುವ ಕೆಲಸಕ್ಕೆ, ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಸ್ಥಾಪಿಸಿದ ತರಬೇತಿ ಸಂಸ್ಥೆಯಾದ ಎನ್‌ಐಎಸ್‌ಎಂನ ಸರಣಿ 5-ಎ ಪರೀಕ್ಷೆಯಲ್ಲಿ ಶೇ. 50 ಅಂಕ ಪಡೆದು, ಬಳಿಕ ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಈ ಪ್ರಮಾಣಪತ್ರ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ವಿಷಯವನ್ನು ಆಳವಾಗಿ ಕಲಿಯುವ ಆಸೆಗೆ ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಅರ್ಥಶಾಸ್ತ್ರ, ಹಣಕಾಸು ಪಾಠಗಳು ಉಚಿತವಾಗಿವೆ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅಲ್ಲಿ ವಾರವಾರದ ಅಸೈನ್‌ಮೆಂಟುಗಳಿಗೆ 25, ಪರೀಕ್ಷೆಗೆ 75 ಅಂಕ. ಪಾಠ ಮಾತ್ರ ನೋಡುತ್ತ ಅಸೈನ್‌ಮೆಂಟ್ ಬಿಟ್ಟವರು ಪರೀಕ್ಷೆಯ ಹೊತ್ತಿಗೆ ಹಿಂಜರಿಯುತ್ತಾರಾದ್ದರಿಂದ, ಮಗಳು ಶಾಲೆಯಲ್ಲಿರುವ ಹೊತ್ತನ್ನು ಇದಕ್ಕೆಂದೇ ಮೀಸಲಿಡಲು ಸೂಚಿಸಿದೆ. ಎರಡನ್ನೂ ಒಟ್ಟಿಗೆ ಹಿಡಿಯದೆ, ಮೊದಲು ವಿತರಕರ ಪರೀಕ್ಷೆ ಮುಗಿಸುವುದು ಒಳಿತೆಂದೆ.

ಗಂಡನಿಗೆ ಇವರೇ ಹೇಳಬೇಕೆಂಬುದು ನನ್ನ ಕೊನೆಯ ಸಲಹೆಯಾಗಿತ್ತು. ಮುಂದಿನ ಭೇಟಿಗೆ ಬರುವಷ್ಟರಲ್ಲಿ ಸಂಸ್ಥೆಗೆ ಬೇಡವೆಂದು ಬರೆದು ತಿಳಿಸಿದ್ದರು, ಗಂಡನೊಂದಿಗೆ ಮಾತಾಡಿ ಪರೀಕ್ಷೆಗೆ ಹೆಸರನ್ನೂ ನೋಂದಾಯಿಸಿದ್ದರು. ಅತ್ತೆಯವರ ಮಾತಿನ ಅಳುಕು ಇನ್ನೂ ಉಳಿದಿರುವುದರಿಂದ ಭೇಟಿಗಳು ಮುಂದುವರಿಯುತ್ತಿವೆ.