ಓದುಗರ ಪ್ರಶ್ನೆ: ಕಾಮಿಕ್ ಕಾನ್‌ನಲ್ಲಿ ಚಿತ್ರಕಾರರ ಮೇಜು

ಕಳೆದ ತಿಂಗಳು ಈ ಅಂಕಣದಲ್ಲಿ ಕಾಮಿಕ್ಸ್, ಅಂದರೆ ಚಿತ್ರಕಥೆಗಳ, ಅಭಿಮಾನಿಗಳು ಸೇರುವ ಅಮೆರಿಕದ ಸ್ಯಾನ್ ಡಿಯೇಗೊ ಕಾಮಿಕ್ ಕಾನ್ ಎಂಬ ವಾರ್ಷಿಕ ಸಮಾವೇಶದ ಬಗ್ಗೆ ಮಾತಿನ ನಡುವೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಚಿತ್ರಕಾರರಿಗೂ ಅವರ ಅಭಿಮಾನಿಗಳಿಗೂ ಸಂಬಂಧಿಸಿದವನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇನೆ. ಸಿನಿಮಾ ನಟರನ್ನು ಕುರಿತು ಕೇಳಿದವರು ಕ್ಷಮಿಸಬೇಕು. ಆ ಸುದ್ದಿಗೆ ಬೇರೆ ಪುಟಗಳಲ್ಲಿ ಬರವಿಲ್ಲ.

ಮಗಳು ಸ್ಯಾನ್ ಡಿಯೇಗೊದಲ್ಲಿದ್ದಾಳೆ. ಜುಲೈ ತಿಂಗಳಲ್ಲಿ ಊರಿಗೆ ಊರೇ ವೇಷ ಹಾಕಿಕೊಂಡು ತಿರುಗುವ ಫೋಟೊಗಳನ್ನು ಕಳಿಸಿದ್ದಳು. ಮಕ್ಕಳ ಪುಸ್ತಕಕ್ಕಾಗಿ ದೊಡ್ಡವರು ಇಷ್ಟು ದೊಡ್ಡ ಜಾತ್ರೆ ಮಾಡುವುದೇ? ಇದು ಹೇಗೆ ಶುರುವಾಯಿತು?
— ನಿವೃತ್ತ ಶಿಕ್ಷಕರು, ಸಾಗರ

ಶುರುವಾದದ್ದು ಬಹಳ ಸಣ್ಣದಾಗಿ. 1970ರ ಮಾರ್ಚ್ 21ರಂದು ಅಲ್ಲಿನ ಯು.ಎಸ್. ಗ್ರಾಂಟ್ ಹೋಟೆಲಿನಲ್ಲಿ ಒಂದು ದಿನದ ಪ್ರಾಯೋಗಿಕ ಕೂಟ ನಡೆಯಿತು. ಬಂದವರು ನೂರು ಚಿಲ್ಲರೆ ಜನ. ಅದರ ಹಿಂದೆ ಇದ್ದವರು ಶೆಲ್ ಡಾರ್ಫ್ ಎಂಬ ಕಾಮಿಕ್ಸ್ ಸಂಗ್ರಾಹಕ ಮತ್ತು ಅವರ ಸುತ್ತ ಸೇರಿದ ಕೆಲವು ಹುಡುಗರು. ಅದೇ ಆಗಸ್ಟಿನಲ್ಲಿ ಮೂರು ದಿನಗಳ ಮೊದಲ ಸಮಾವೇಶ ನಡೆದಾಗ ಸುಮಾರು 300 ಜನ ಸೇರಿದರು, ಲೇಖಕ ರೇ ಬ್ರಾಡ್‌ಬರಿ ಮತ್ತು ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ ಅತಿಥಿಗಳಾಗಿ ಬಂದಿದ್ದರು. ಹೋಟೆಲುಗಳಲ್ಲಿ ಬೆಳೆದ ಕೂಟ 1991ರಲ್ಲಿ ಕಡಲದಂಡೆಯ ಕನ್ವೆನ್ಷನ್ ಸೆಂಟರಿಗೆ ಹೋಯಿತು. ಈಗ ಬರುವವರು 1,30,000ಕ್ಕೂ ಹೆಚ್ಚು. ಇಷ್ಟೆಲ್ಲ ನಡೆಸುವುದು ಲಾಭರಹಿತ ಸಂಸ್ಥೆಯೊಂದು ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ.

ಮಕ್ಕಳ ಪುಸ್ತಕ ಎಂದಿರಿ. 1949ರಿಂದ ಕನ್ನಡದಲ್ಲಿ ಬರತೊಡಗಿದ ‘ಚಂದಮಾಮ’ವನ್ನು ನಿಮ್ಮ ಮನೆಯಲ್ಲಿ ಮೊದಲು ಓದುತ್ತಿದ್ದವರು ಯಾರೆಂದು ನೆನಪಿಸಿಕೊಳ್ಳಿ. ನಮ್ಮ ಮನೆಯಲ್ಲಿ ಅಂಚೆಯವನ ಕೈಯಿಂದ ಅದು ನೇರವಾಗಿ ಅಜ್ಜನ ಆರಾಮಕುರ್ಚಿಗೆ ಹೋಗುತ್ತಿತ್ತು. ಹೆಗಲ ಮೇಲೆ ಶವ, ಕೈಯಲ್ಲಿ ಹಿರಿದ ಕತ್ತಿ, ಸುತ್ತ ಸ್ಮಶಾನದ ಮರಗಳು — ಬೇತಾಳ ಕಥೆಯ ತಲೆಯಲ್ಲಿದ್ದ ಆ ವಿಕ್ರಮನ ಚಿತ್ರವನ್ನು ನನ್ನ ವಯಸ್ಸಿನವರು ಕಣ್ಣು ಮುಚ್ಚಿಯೂ ನೋಡಬಲ್ಲರು. ಅದನ್ನು ಬರೆದವರು ಶಂಕರ್ ಎಂಬ ಕಲಾವಿದರೆಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ. ಅವರ ಮುಖ ನೋಡುವ, ‘ಈ ಕತ್ತಿಯ ಹಿಡಿಯನ್ನು ಹೀಗೇಕೆ ಬರೆದಿರಿ’ ಎಂದು ಕೇಳುವ ಜಾಗ ನಮಗೆ ಇರಲೇ ಇಲ್ಲ. ಸ್ಯಾನ್ ಡಿಯೇಗೊದ ಹುಡುಗರು 1970ರಲ್ಲಿ ಕಟ್ಟಿಕೊಂಡದ್ದು ಅಂಥ ಒಂದು ಜಾಗವನ್ನು. ಜಾತ್ರೆ ಆಮೇಲೆ ಬಂದು ಸೇರಿತು.

ನಾನು ಚಿತ್ರಕಲೆಯ ಅಂತಿಮ ವರ್ಷದಲ್ಲಿದ್ದೇನೆ. ಡ್ರ್ಯಾಗನ್, ಮಾಟಗಾತಿ, ಯೋಧರು ಇಂಥ ಫ್ಯಾಂಟಸಿ ಚಿತ್ರಗಳನ್ನೇ ಬರೆಯುವವರು ಅಲ್ಲಿ ನಿಜವಾಗಿ ಹೊಟ್ಟೆ ಹೊರೆಯುವುದು ಹೇಗೆ? ಅಭಿಮಾನಿಗಳು ಫೋಟೊ ತೆಗೆಸಿಕೊಂಡು ಹೋಗುತ್ತಾರೆಯೇ, ದುಡ್ಡು ಕೊಡುತ್ತಾರೆಯೇ?
— ವಿದ್ಯಾರ್ಥಿನಿ, ಧಾರವಾಡ

ಕೊಡುತ್ತಾರೆ. ಪ್ರದರ್ಶನ ಸಭಾಂಗಣದ ನಡುವಿನ ಜಾಗವನ್ನು ದೊಡ್ಡ ಪ್ರಕಾಶಕರೂ ಸಿನಿಮಾ ಸಂಸ್ಥೆಗಳೂ ಆಟಿಕೆಯವರೂ ಆವರಿಸಿಕೊಂಡಿರುತ್ತಾರೆ. ಅವರ ಬೆಳಕು, ಸದ್ದು ದಾಟಿ ನಡೆದರೆ ‘ಆರ್ಟಿಸ್ಟ್ಸ್ ಆ್ಯಲಿ’, ಅಂದರೆ ಕಲಾವಿದರ ಓಣಿ, ಸಿಗುತ್ತದೆ. ಒಬ್ಬೊಬ್ಬರಿಗೆ ಒಂದು ಮೇಜು. ಮೇಜಿನ ಮೇಲೆ ತಮ್ಮ ಚಿತ್ರಗಳ ಮುದ್ರಿತ ಪ್ರತಿಗಳ ಕಡತ, ಒಂದಿಷ್ಟು ಪುಸ್ತಕ, ಬೆಲೆ ಬರೆದ ಚೀಟಿ. ಮುದ್ರಿತ ಪ್ರತಿಗಳ ಮಾರಾಟದ ದುಡ್ಡು ದಿನದ ಖರ್ಚಿಗೆ ಆಗುತ್ತದೆ, ನಿಜವಾದ ಸಂಪಾದನೆ ಮೂಲಚಿತ್ರಗಳಿಂದ ಮತ್ತು ಕಮಿಷನ್‌ನಿಂದ. ನಮ್ಮ ಕಿವಿಗೆ ಕಮಿಷನ್ ಎಂದರೆ ದಲ್ಲಾಳಿಯ ಪಾಲು. ಅಲ್ಲಿ ಅದು ಗಿರಾಕಿ ಹೇಳಿ ಬರೆಸಿಕೊಳ್ಳುವ ಚಿತ್ರ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕೆಲವರು ಓಡುತ್ತಾ ಬರುವುದು ನಟರನ್ನು ನೋಡಲು ಅಲ್ಲ, ಮೆಚ್ಚಿನ ಕಲಾವಿದರ ಕಮಿಷನ್ ಪಟ್ಟಿಯಲ್ಲಿ ಹೆಸರು ಬರೆಸಲು. ಹೆಸರಾದವರ ಪಟ್ಟಿ ಅರ್ಧ ಗಂಟೆಯಲ್ಲಿ ಮುಗಿದಿರುತ್ತದೆ.

ಕೋವಿಡ್‌ಗೆ ಮುಂಚಿನ ಒಂದು ವರ್ಷ ನಾನು ಅಲ್ಲಿಗೆ ಹೋಗಿದ್ದಾಗ ಐವತ್ತರ ಆಸುಪಾಸಿನ ಕಲಾವಿದೆಯೊಬ್ಬರ ಮೇಜಿನ ಬಳಿ ನಿಂತುಬಿಟ್ಟೆ. ಎದುರಿಗಿದ್ದವನು ದಪ್ಪ ರಟ್ಟಿನ ಚಿತ್ರಪುಸ್ತಕವೊಂದನ್ನು ತಂದಿದ್ದ. ಅದರ ಪುಟಪುಟದಲ್ಲೂ ಬೇರೆ ಬೇರೆ ಕಲಾವಿದರು ವರ್ಷ ವರ್ಷ ಬರೆದುಕೊಟ್ಟ ಒಂದೇ ವಿಷಯ: ನಿದ್ದೆ ಮಾಡುತ್ತಿರುವ ಡ್ರ್ಯಾಗನ್. ಹೀಗೆ ಒಂದೇ ವಿಷಯದ ಪುಸ್ತಕ ಹಿಡಿದು ತಿರುಗುವುದು ಅಲ್ಲಿನ ಅಭಿಮಾನಿಗಳ ಹಳೆಯ ರೂಢಿ. ಆಕೆ ಹಿಂದಿನ ಪುಟಗಳನ್ನೆಲ್ಲ ತಾಳ್ಮೆಯಿಂದ ನೋಡಿ, ಉಳಿದವರು ಬಾಲವನ್ನು ಎಲ್ಲಿ ಸುತ್ತಿಸಿದ್ದಾರೆ ಎಂದು ಗಮನಿಸಿ, ನೀಲಿ ಪೆನ್ಸಿಲಿನಲ್ಲಿ ತೆಳುವಾಗಿ ಆಕಾರ ಹಾಕಿಕೊಂಡರು. ಗೆರೆ ಅಳಿಸಬಾರದೆಂದು ಅಂಗೈಯ ಕೆಳಗೆ ಒಂದು ಟಿಶ್ಯೂ ಕಾಗದ. ಆಮೇಲೆ ಬ್ರಷ್ ಪೆನ್ನು. ಡ್ರ್ಯಾಗನ್‌ನ ಕಣ್ಣಿನ ರೆಪ್ಪೆಗೆ ಬಂದಾಗ ಮಾತ್ರ ಅವರ ಮಾತು ನಿಂತಿತು. ಉಳಿದ ನಲವತ್ತು ನಿಮಿಷವೂ ಆತನ ಮಗಳ ಶಾಲೆಯ ವಿಚಾರ ಕೇಳುತ್ತಲೇ ಇದ್ದರು. ಮುಗಿದ ಮೇಲೆ ಮಸಿಯ ಮೇಲೆ ಉಫ್ ಎಂದು ಊದಿ, ನಡುವೆ ಬಟರ್ ಪೇಪರ್ ಇಟ್ಟು, ಪುಸ್ತಕ ಮುಚ್ಚಿ ಕೊಟ್ಟರು. ಆತ ದುಡ್ಡು ಎಣಿಸಿದ, ಇಬ್ಬರೂ ಕೈ ಕುಲುಕಿದರು.

ಮೂಲಚಿತ್ರ ಮಾರುವ ಹಕ್ಕು ಕಲಾವಿದರಿಗೆ ಸುಮ್ಮನೆ ಬಂದದ್ದಲ್ಲ. ಹಿಂದೆ ಕಾಮಿಕ್ಸ್ ಪುಟಗಳನ್ನು ಪ್ರಕಾಶಕರೇ ಇಟ್ಟುಕೊಳ್ಳುತ್ತಿದ್ದರು. ಮೊದಲ ಸಮಾವೇಶಕ್ಕೆ ಅತಿಥಿಯಾಗಿದ್ದ ಅದೇ ಜ್ಯಾಕ್ ಕರ್ಬಿ, ಮಾರ್ವೆಲ್ ಸಂಸ್ಥೆಗಾಗಿ ತಾವು ಬರೆದ ಪುಟಗಳನ್ನು ಮರಳಿ ಪಡೆಯಲು 1980ರ ದಶಕದಲ್ಲಿ ಹೋರಾಡಬೇಕಾಯಿತು. ಅಭಿಮಾನಿಗಳೂ ಸಹ ಕಲಾವಿದರೂ ಬಹಿರಂಗವಾಗಿ ಅವರ ಪರ ನಿಂತರು. 1987ರಲ್ಲಿ ಅವರ ಕೈಸೇರಿದ್ದು ಹತ್ತು ಸಾವಿರಕ್ಕೂ ಮಿಕ್ಕಿದ ಪುಟಗಳಲ್ಲಿ ಸುಮಾರು ಎರಡು ಸಾವಿರ. ಫ್ಯಾಂಟಸಿ ಚಿತ್ರಗಳ ದೊಡ್ಡ ಹೆಸರಾದ ಫ್ರಾಂಕ್ ಫ್ರಝೆಟ್ಟಾ ಮಾತ್ರ ತಮ್ಮ ತೈಲಚಿತ್ರಗಳನ್ನು ಬಿಟ್ಟುಕೊಡದಂತೆ ಎಚ್ಚರ ವಹಿಸಿದ್ದರು. 1969ರಲ್ಲಿ ಪತ್ರಿಕೆಯೊಂದರ ಮುಖಪುಟಕ್ಕೆಂದು ಅವರು ಬರೆದ ‘ಈಜಿಪ್ಷಿಯನ್ ಕ್ವೀನ್’ 2019ರ ಹರಾಜಿನಲ್ಲಿ 54 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 37 ಕೋಟಿ ರೂಪಾಯಿಗೂ ಹೆಚ್ಚು. ಇದನ್ನು ಓದಿ ಆಸೆ ಪಡಬೇಡಿ, ಓಣಿಯ ಬಹುತೇಕ ಮೇಜುಗಳ ಲೆಕ್ಕ ಹೋಟೆಲ್ ಬಾಡಿಗೆ ಹುಟ್ಟಿತೇ ಎಂಬಲ್ಲಿಗೆ ನಿಲ್ಲುತ್ತದೆ.

ಇನ್ನೊಂದು ದಾರಿ ಇಸ್ಪೀಟಿನದು ಎಂದರೆ ನಗಬೇಡಿ. 1993ರಲ್ಲಿ ಬಂದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡುಗಳ ಆಟದಲ್ಲಿ ಪ್ರತಿ ಕಾರ್ಡಿಗೂ ಒಂದು ಚಿತ್ರವಿದ್ದು, ಅದನ್ನು ಬರೆದವರ ಹೆಸರೂ ಅಲ್ಲೇ ಅಚ್ಚಾಗಿರುತ್ತದೆ. ಹಿಂಬದಿ ಖಾಲಿ ಬಿಟ್ಟ ಒಂದಷ್ಟು ಪ್ರತಿಗಳನ್ನು ಕಲಾವಿದರಿಗೆ ಕೊಡುತ್ತಾರೆ. ಅಭಿಮಾನಿ ಅದನ್ನು ಕೊಂಡು ಆ ಬಿಳಿಯ ಜಾಗದಲ್ಲಿ ಪುಟ್ಟ ಚಿತ್ರವೊಂದನ್ನು ಬರೆಸಿಕೊಳ್ಳುತ್ತಾನೆ. ಈಗ ಹಲವರು ಪರದೆಯ ಮೇಲೆಯೇ ಬರೆಯುವುದರಿಂದ ಅವರಿಗೆ ಮಾರಲು ಮೂಲಚಿತ್ರವೇ ಇರುವುದಿಲ್ಲ. ನಿಮಗೆ ಕಾಗದ, ಬಣ್ಣದ ಮೇಲೆ ಹಿಡಿತವಿದ್ದರೆ ಅದನ್ನು ಕಳೆದುಕೊಳ್ಳಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಎಂಜಿನಿಯರಿಂಗ್ ಓದುವ ಮಗ ಕಾಸ್‌ಪ್ಲೇ (ಕಥೆಯ ಪಾತ್ರದ ವೇಷ ತೊಡುವುದು) ಎಂದು ಹೇಳಿ ರಾತ್ರಿಯೆಲ್ಲ ಫೋಮ್ ಕತ್ತರಿಸುತ್ತಾ ಕೂರುತ್ತಾನೆ. ಕವಚಕ್ಕೆ ಆಗಲೇ ಏಳೆಂಟು ಸಾವಿರ ಸುರಿದಿದ್ದಾನೆ. ಇದು ಕಲೆಯೇ, ಹುಚ್ಚೇ?
— ಗೃಹಿಣಿ, ಮೈಸೂರು

ಅಮ್ಮಾ, ಹುಚ್ಚು ಸ್ವಲ್ಪ ಇರಬೇಕು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮಾವೇಶಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯಕಾಲದ ಉಡುಪು ತೊಟ್ಟು ಬಂದರು. ಎರಡನ್ನೂ ಹೊಲಿದವರು ಡಗ್ಲಸ್. ಮೂವತ್ತು ವರ್ಷಗಳ ಮೇಲೆ ಸ್ಯಾನ್ ಡಿಯೇಗೊದ ಆ ಒಂದು ದಿನದ ಕೂಟಕ್ಕೆ ಅತಿಥಿಯಾಗಿ ಬಂದದ್ದೂ ಇದೇ ಆಕರ್‌ಮನ್. ವೆಂಡಿ ಪೀನಿ ಎಂಬ ಕಲಾವಿದೆ 1970ರ ದಶಕದಲ್ಲಿ ರೆಡ್ ಸೋನ್ಯಾ ಎಂಬ ಖಡ್ಗಧಾರಿಣಿಯ ವೇಷದಲ್ಲಿ ಇಂಥ ಸಮಾವೇಶಗಳ ವೇದಿಕೆ ಏರುತ್ತಿದ್ದರು. 1978ರಲ್ಲಿ ಗಂಡ ರಿಚರ್ಡ್ ಜೊತೆ ಸೇರಿ ‘ಎಲ್ಫ್‌ಕ್ವೆಸ್ಟ್’ ಎಂಬ ಸ್ವಂತ ಫ್ಯಾಂಟಸಿ ಕಾಮಿಕ್ಸ್ ಆರಂಭಿಸಿದರು. ಮೇಜಿನ ಈಚೆ ನಿಂತಿದ್ದ ಅಭಿಮಾನಿ ಆಚೆ ಹೋಗಿ ಕುಳಿತಂತೆ.

ನಿಮ್ಮ ಮಗ ಕತ್ತರಿಸುತ್ತಿರುವುದು ಮಕ್ಕಳ ಆಟದ ಚಾಪೆಗೆ ಬಳಸುವ ಜಾತಿಯ ಫೋಮ್ ಇರಬೇಕು. ಬಿಸಿಗಾಳಿ ಹಾಯಿಸಿ ಬಾಗಿಸಿದರೆ ಅದು ಬಾಗಿದಂತೆಯೇ ನಿಲ್ಲುತ್ತದೆ. ಮೇಲ್ಮೈ ಮುಚ್ಚಿ ಬಣ್ಣ ಬಳಿದರೆ ಎರಡು ಮಾರು ದೂರದಿಂದ ಕಬ್ಬಿಣವೆಂದೇ ಕಾಣುತ್ತದೆ. ಚಪ್ಪಟೆ ಹಾಳೆಯಿಂದ ತೋಳಿನ ಉರುಟು ತೆಗೆಯಲು ಬೇಕಾಗುವುದು ದರ್ಜಿಯ ಲೆಕ್ಕ, ಅದು ಎಂಜಿನಿಯರಿಂಗ್‌ಗೆ ಹೊರಗಿನದಲ್ಲ. ಖರ್ಚಿಗೆ ನೀವು ಮಿತಿ ಹಾಕಿ, ಆದರೆ ಅದಕ್ಕಿಂತ ಮೊದಲು ಅಂಟಿನ ಕೆಲಸವನ್ನು ಕಿಟಕಿ ತೆರೆದಿಟ್ಟು ಮಾಡಲು ಹೇಳಿ. ಆ ಅಂಟಿನ ಆವಿ ಒಳ್ಳೆಯದಲ್ಲ.

ಹಾಗಾದರೆ ನಮ್ಮ ಹುಲಿವೇಷವೂ ಕಾಸ್‌ಪ್ಲೇಯೇ? ಫೋಟೊ ತೆಗೆಯಲು ಅಲ್ಲೂ ಅನುಮತಿ ಬೇಕೆನ್ನುತ್ತಾರಲ್ಲ!
— ಓದುಗರು, ಮಂಗಳೂರು

ಅಲ್ಲವೆಂದೇ ನನ್ನ ಅಭಿಪ್ರಾಯ. ಹುಲಿವೇಷಕ್ಕೆ ಹರಕೆ ಇದೆ, ನವರಾತ್ರಿಯ ಕಾಲವಿದೆ, ತಾಸೆಯ ಪೆಟ್ಟಿದೆ, ತಂಡವಿದೆ, ಅದು ಊರಿನದು. ಕಾಸ್‌ಪ್ಲೇ ಒಬ್ಬ ಓದುಗ ತಾನು ಮೆಚ್ಚಿದ ಒಂದು ಪಾತ್ರಕ್ಕೆ ಮೈಯಿಂದ ಬರೆಯುವ ಮೆಚ್ಚುಗೆಯ ಪತ್ರ. ಅನುಮತಿ ಕೇಳಲೇಬೇಕು. ವೇಷ ತೊಟ್ಟ ಮಾತ್ರಕ್ಕೆ ಮೈ ಮುಟ್ಟಲು, ಹಿಂದಿನಿಂದ ಫೋಟೊ ಹೊಡೆಯಲು ಒಪ್ಪಿಗೆ ಕೊಟ್ಟಂತೆ ಅಲ್ಲ ಎಂಬ ಫಲಕಗಳನ್ನು ನ್ಯೂಯಾರ್ಕ್ ಕಾಮಿಕ್ ಕಾನ್‌ನಲ್ಲಿ ದೊಡ್ಡದಾಗಿಯೇ ನಿಲ್ಲಿಸುತ್ತಾರೆ. ಕೇಳಿದರೆ ಹೆಚ್ಚಿನವರು ಸಂತೋಷದಿಂದ ಭಂಗಿ ಕೊಡುತ್ತಾರೆ. ಜನ ನಡೆದಾಡುವ ದಾರಿ ಬಿಟ್ಟು ಪಕ್ಕಕ್ಕೆ ಕರೆದರಾಯಿತು.

ಬಾಗಿಲಲ್ಲಿ ಟಿಕೆಟ್ ಸಿಗುತ್ತದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಸ್ಯಾನ್ ಡಿಯೇಗೊದಲ್ಲಿ ಇಲ್ಲ. ಮೊದಲೇ ಹೆಸರು ನೋಂದಾಯಿಸಿ, ಮಾರಾಟದ ದಿನ ಅಂತರ್ಜಾಲದ ಸರದಿಯಲ್ಲಿ ಅದೃಷ್ಟ ಒಲಿದರೆ ಪ್ರವೇಶದ ಬ್ಯಾಡ್ಜ್ ಸಿಗುತ್ತದೆ. ನಿಮ್ಮ ಊರಲ್ಲೇ 2012ರಿಂದ ಕಾಮಿಕ್ ಕಾನ್ ನಡೆಯುತ್ತಿದೆ. ಮೊದಲು ಅದನ್ನು ನೋಡಿ ಬನ್ನಿ. ಅಲ್ಲಿಯೂ ಕಲಾವಿದರ ಸಾಲಿದೆ, ನೂಕುನುಗ್ಗಲು ಕಡಿಮೆ.

ನನ್ನ ಚಿತ್ರಗಳನ್ನು ಇಂಥ ಕಡೆ ಸಂಪಾದಕರಿಗೆ ತೋರಿಸಬಹುದೇ? ಏನೇನು ಒಯ್ಯಬೇಕು?
— ಹವ್ಯಾಸಿ ಕಲಾವಿದ, ಉಡುಪಿ

ತೋರಿಸಬಹುದು. ಸ್ಯಾನ್ ಡಿಯೇಗೊದಲ್ಲಿ ಅದಕ್ಕೆಂದೇ ಪೋರ್ಟ್‌ಫೋಲಿಯೊ, ಅಂದರೆ ಆಯ್ದ ಚಿತ್ರಗಳ ಕಡತ, ಪರಿಶೀಲಿಸುವ ಮೇಜುಗಳಿರುತ್ತವೆ. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ನಿಂತ ನಿಲುವಿನ ಯೋಧರ ಹತ್ತು ಚಿತ್ರಗಳನ್ನು ಒಯ್ಯುವುದು. ಕಾಮಿಕ್ಸ್ ಸಂಪಾದಕರಿಗೆ ಬೇಕಾದ್ದು ಮಾತಿಲ್ಲದೆಯೂ ಕಥೆ ಅರ್ಥವಾಗುವ ಮೂರು-ನಾಲ್ಕು ಸತತ ಪುಟಗಳು. ಇಬ್ಬರು ಕೋಣೆಯೊಳಗೆ ಬರಲಿ, ಒಬ್ಬರು ಚಹಾ ಕೊಡಲಿ, ಇನ್ನೊಬ್ಬರು ನಿರಾಕರಿಸಲಿ. ಅದನ್ನು ಬರೆಯಬಲ್ಲವರು ಡ್ರ್ಯಾಗನ್ ಕಾಳಗವನ್ನೂ ಬರೆಯುತ್ತಾರೆ. ಪುಸ್ತಕದ ಮುಖಪುಟವೋ ಕಾರ್ಡೋ ನಿಮ್ಮ ಗುರಿಯಾದರೆ ಬಣ್ಣ ತುಂಬಿ ಮುಗಿಸಿದ ಚಿತ್ರಗಳು ಬೇಕು. ಎರಡರಲ್ಲೂ ಕೈ ಮತ್ತು ಪಾದಗಳನ್ನು ಮೇಲಂಗಿಯೊಳಗೆ ಬಚ್ಚಿಡಬೇಡಿ, ಅವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ತಂಗಿ ಈ ಸಲ ಹೋಗುತ್ತಿದ್ದಾಳೆ. ನನಗಾಗಿ ಏನು ತರಿಸಿಕೊಳ್ಳಲಿ?
— ಗ್ರಂಥಪಾಲಕಿ, ಹಾಸನ

ನಿಮಗಿಷ್ಟವಾದ ಕಲಾವಿದರ ಒಂದು ಮುದ್ರಿತ ಪ್ರತಿ, ಅವರ ಸಹಿಯೊಂದಿಗೆ. ಬೆಲೆಯನ್ನು ಚೌಕಾಸಿ ಮಾಡುವುದು ಬೇಡ ಎಂದು ತಂಗಿಗೆ ಹೇಳಿ. ಕೊನೆಯ ದಿನವಾದ ಭಾನುವಾರ ಮಧ್ಯಾಹ್ನದ ಮೇಲೆ ಸಾಮಾನು ಹೊತ್ತುಕೊಂಡು ಹೋಗಲಾರದ ಕೆಲವರು ತಾವೇ ಬೆಲೆ ಇಳಿಸುವುದುಂಟು. ಮುಖ್ಯವಾಗಿ, ಗಟ್ಟಿ ರಟ್ಟಿನ ಕೊಳವೆಯೊಂದನ್ನು ಮನೆಯಿಂದಲೇ ಒಯ್ಯಲಿ. ನಾನು ತಂದ ಚಿತ್ರವನ್ನು ಸುರುಳಿ ಸುತ್ತಿ ಬಟ್ಟೆಗಳ ನಡುವೆ ಇಟ್ಟಿದ್ದೆ. ಮನೆಗೆ ಬಂದು ಬಿಚ್ಚಿದಾಗ ಮಾಟಗಾತಿಯ ಮೂಗಿನ ಮೇಲೆ ಉದ್ದಕ್ಕೂ ಒಂದು ಮಡಿಕೆ ಬಿದ್ದಿತ್ತು. ಕಟ್ಟು ಹಾಕಿಸಿದ ಮೇಲೂ ಬೆಳಗಿನ ಓರೆಬಿಸಿಲಿಗೆ ಅದು ಕಾಣುತ್ತದೆ.