ಪಟ್ಟಿ ಚೆನ್ನಾಗಿದೆ, ವಾದ ಎಲ್ಲಿ?

ನಮಸ್ಕಾರ.

‘ಕಾಲೇಜು ಕೋಚ್‌ಗಳಿಗೆ ಎನ್‌ಎಫ್‌ಎಲ್ ಬಾಗಿಲು ಮುಚ್ಚಲಿ’ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅವಿತು ಕೂತಿದೆ. ಅದಕ್ಕೇ ಎರಡು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗದೆ ಉದ್ದಕ್ಕೆ ಬರೆಯುತ್ತಿದ್ದೇನೆ.

ನೀವು ಹೇಳುವುದು ಇಷ್ಟು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಲೇಜು ತಂಡಗಳನ್ನು ಗೆಲ್ಲಿಸಿ ಹೆಸರು ಮಾಡಿದ ಹೆಡ್ ಕೋಚ್‌ಗಳನ್ನು ಎನ್‌ಎಫ್‌ಎಲ್ ಎಂಬ ಲೀಗಿನ ವೃತ್ತಿಪರ ತಂಡಗಳು ದುಡ್ಡು ಸುರಿದು ಕರೆತರುತ್ತವೆ. ಅವರು ಬಂದು ಮುಗ್ಗರಿಸುತ್ತಾರೆ. ಆದ್ದರಿಂದ ಕರೆಯಲೇಬಾರದು. ಸಾಕ್ಷಿಗೆ ಐದು ಹೆಸರು ಕೊಟ್ಟಿದ್ದೀರಿ: ಸ್ಟೀವ್ ಸ್ಪರಿಯರ್, ನಿಕ್ ಸೇಬನ್, ಬಾಬಿ ಪೆಟ್ರಿನೊ, ಮ್ಯಾಟ್ ರೂಲ್, ಅರ್ಬನ್ ಮೇಯರ್. ಅಂಕಿಗಳನ್ನು ತಾಳೆ ನೋಡಿದೆ, ಎಲ್ಲ ಸರಿಯಾಗಿವೆ. ಸ್ಪರಿಯರ್ ವಾಷಿಂಗ್ಟನ್‌ನಲ್ಲಿ ಎರಡು ಸೀಸನ್‌ಗೆ 12 ಗೆದ್ದು 20 ಸೋತರು. ಪೆಟ್ರಿನೊ 2007ರಲ್ಲಿ ಅಟ್ಲಾಂಟಾದಲ್ಲಿ 13 ಪಂದ್ಯ ಆಡಿಸಿದವರೇ, ಆಟಗಾರರ ಲಾಕರ್‌ಗಳಲ್ಲಿ ಒಂದೊಂದು ಚಿಕ್ಕ ಪತ್ರ ಇಟ್ಟು ಆರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಹೊರಟೇಬಿಟ್ಟರು. ಆ ಪತ್ರದ ಸಂಗತಿಯನ್ನು ಚೆನ್ನಾಗಿ ಬರೆದಿದ್ದೀರಿ.

ತೊಂದರೆ ಏನೆಂದರೆ, ಸೋತವರ ಪಟ್ಟಿಯನ್ನೇ ವಾದ ಅಂದುಕೊಂಡಿದ್ದೀರಿ. ಕಾಲೇಜಿನಿಂದ ಬಂದವರು ಸೋತರು, ಸರಿ. ಬೇರೆ ಕಡೆಯಿಂದ ಬಂದವರು? ಎನ್‌ಎಫ್‌ಎಲ್‌ನಲ್ಲಿ ಇರುವುದು 32 ತಂಡ. ಪ್ರತಿ ಜನವರಿಯಲ್ಲೂ ಅಲ್ಲಿ ಕೋಚ್‌ಗಳ ತಲೆ ಉರುಳುತ್ತಲೇ ಇರುತ್ತದೆ. ಹಾಗೆ ಮನೆಗೆ ಹೋಗುವವರಲ್ಲಿ ಹೆಚ್ಚಿನವರು ಎನ್‌ಎಫ್‌ಎಲ್‌ನಲ್ಲೇ ಸಹಾಯಕರಾಗಿದ್ದು ಮೇಲೆ ಬಂದವರು. ನೀವೇ ಕೊಟ್ಟ ಉದಾಹರಣೆಯನ್ನು ಒಂದು ಹೆಜ್ಜೆ ಮುಂದಕ್ಕೆ ನೋಡಿ. ಕ್ಯಾರೊಲಿನಾ ಪ್ಯಾಂಥರ್ಸ್ ತಂಡ ಬೇಲರ್ ವಿಶ್ವವಿದ್ಯಾಲಯದಿಂದ ರೂಲ್ ಅವರನ್ನು ತಂದಿತು. 11 ಗೆಲುವು, 27 ಸೋಲು ಆದ ಮೇಲೆ 2022ರ ಅಕ್ಟೋಬರ್‌ನಲ್ಲಿ ಕಳಿಸಿತು. ನಿಮ್ಮ ಕತೆ ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಸೀಸನ್‌ಗೆ ಆ ತಂಡ ತಂದದ್ದು ಫ್ರ್ಯಾಂಕ್ ರೈಕ್ ಅವರನ್ನು. ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಆಗಿ ಆಡಿದವರು, ಕೋಲ್ಟ್ಸ್ ತಂಡಕ್ಕೆ ಹೆಡ್ ಕೋಚ್ ಆಗಿದ್ದವರು. ನಿಮ್ಮ ಅಳತೆಗೆ ಇದಕ್ಕಿಂತ ಸರಿಯಾದ ಆಯ್ಕೆ ಬೇರೆ ಇಲ್ಲ. 11 ಪಂದ್ಯದಲ್ಲಿ ಒಂದೇ ಒಂದು ಗೆದ್ದರು. ಸೀಸನ್ ಮುಗಿಯುವ ಮೊದಲೇ ಅವರೂ ಹೊರಗೆ. ಹಾಗಿದ್ದರೆ ಕ್ಯಾರೊಲಿನಾದಲ್ಲಿ ರೋಗ ಇದ್ದದ್ದು ಎಲ್ಲಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿದೆ ನಿಮ್ಮ ತೀರ್ಪು.

ಇನ್ನೊಂದು ಮಾತು. ನೀವು ಡಾಲಸ್‌ನಲ್ಲಿ ಕೆಲಸದಲ್ಲಿದ್ದೀರಿ, ಪ್ರತಿ ಭಾನುವಾರ ಆಟ ನೋಡುತ್ತೀರಿ ಎಂದು ಪರಿಚಯದಲ್ಲಿ ಬರೆದಿದ್ದೀರಿ. ಆದರೆ ನಿಮ್ಮೂರಿನ ತಂಡವನ್ನೇ ಬಿಟ್ಟಿದ್ದೀರಲ್ಲ! ಜೆರ್ರಿ ಜೋನ್ಸ್ 1989ರಲ್ಲಿ ಕೌಬಾಯ್ಸ್ ತಂಡ ಕೊಂಡವರೇ, ಟಾಮ್ ಲ್ಯಾಂಡ್ರಿಯಂಥ ಹಿರಿಯರನ್ನು ಕಳಿಸಿ ಮಯಾಮಿ ವಿಶ್ವವಿದ್ಯಾಲಯದ ಜಿಮ್ಮಿ ಜಾನ್ಸನ್ ಅವರನ್ನು ಕರೆತಂದರು. ಮೊದಲ ವರ್ಷ 1 ಗೆಲುವು, 15 ಸೋಲು. ನಿಮ್ಮ ಲೇಖನ ಆ ವರ್ಷ ಬಂದಿದ್ದರೆ ಊರೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ನಾಲ್ಕನೇ ಮತ್ತು ಐದನೇ ಸೀಸನ್‌ನಲ್ಲಿ ಅದೇ ಜಾನ್ಸನ್ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದರು. ಅವರ ನಂತರ ಬಂದ ಬ್ಯಾರಿ ಸ್ವಿಟ್ಜರ್ ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದವರು, 1996ರ ಜನವರಿಯಲ್ಲಿ ಇನ್ನೊಂದು ಗೆದ್ದರು. ಇಬ್ಬರೂ ಅದಕ್ಕೆ ಮೊದಲು ವೃತ್ತಿಪರ ತಂಡದಲ್ಲಿ ಕೋಚಿಂಗ್ ಮಾಡಿದವರಲ್ಲ. ಕೌಬಾಯ್ಸ್ ಕೊನೆಯದಾಗಿ ಗೆದ್ದ ಮೂರೂ ಸೂಪರ್ ಬೌಲ್ ಕಾಲೇಜು ಕೋಚ್‌ಗಳ ಕೈಯಲ್ಲೇ ಬಂದವು. ನಿಮ್ಮ ಪಕ್ಕದ ಮೇಜಿನ ಸಹೋದ್ಯೋಗಿಗೂ ಗೊತ್ತಿರುವ ವಿಷಯ ಇದು, ಅಲ್ವಾ?

ಜಿಮ್ ಹಾರ್ಬಾ ಅವರನ್ನು ‘ಅಪವಾದ’ ಎಂಬ ಒಂದೇ ಪದದಲ್ಲಿ ದಾಟಿಸಿದ್ದೀರಿ. ಅಪವಾದ ಅಂದರೆ ಸಾಲದು, ಯಾಕೆ ಅಪವಾದ ಅಂತ ಹೇಳಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ 2011ರಲ್ಲಿ ಎನ್‌ಎಫ್‌ಎಲ್‌ನ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಾಗ ಅವರ ಕೈಗೆ ಸಿಕ್ಕಿದ್ದು ಹಿಂದಿನ ವರ್ಷ 6 ಗೆದ್ದು 10 ಸೋತ ತಂಡ. ಕ್ವಾರ್ಟರ್‌ಬ್ಯಾಕ್ ಅದೇ ಅಲೆಕ್ಸ್ ಸ್ಮಿತ್. ಆ ವರ್ಷ 13 ಗೆಲುವು, 3 ಸೋಲು. ಹಾರ್ಬಾ ಸ್ವತಃ ಎನ್‌ಎಫ್‌ಎಲ್‌ನಲ್ಲಿ 14 ಸೀಸನ್ ಆಡಿದ್ದವರು. ವೃತ್ತಿಪರರ ಲಾಕರ್ ರೂಮ್ ಹೇಗಿರುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಗಾದರೆ ವೃತ್ತಿಪರ ಅನುಭವ ಇದ್ದವರನ್ನು ಮಾತ್ರ ತನ್ನಿ ಎಂದು ನಿಯಮ ಮಾಡೋಣ ಅನ್ನಿಸಬಹುದು. ಜಾನ್ಸನ್ ಮತ್ತು ಸ್ವಿಟ್ಜರ್ ಅದಕ್ಕೂ ಅಡ್ಡ ಬರುತ್ತಾರೆ. ವಿಷಯ ಅಷ್ಟು ಸಲೀಸಾಗಿಲ್ಲ. ಸಲೀಸಾಗಿಲ್ಲದ್ದರಿಂದಲೇ ಬರೆಯಲು ಯೋಗ್ಯವಾಗಿದೆ.

ಈಗ ನಿಮ್ಮ ಲೇಖನದ ಅತ್ಯುತ್ತಮ ಪ್ಯಾರಾಕ್ಕೆ ಬರುತ್ತೇನೆ. ಅದನ್ನು ಒಂಬತ್ತನೆಯ ಪ್ಯಾರಾದಲ್ಲಿ, ಅದೂ ಆವರಣದೊಳಗೆ ಮುಚ್ಚಿಟ್ಟಿದ್ದೀರಿ. ಕಾಲೇಜು ಮೈದಾನಕ್ಕೂ ವೃತ್ತಿಪರ ಮೈದಾನಕ್ಕೂ ಅಗಲ ಒಂದೇ, 160 ಅಡಿ. ಆದರೆ ಚೆಂಡು ಇಡುವ ಹ್ಯಾಶ್ ಗೆರೆಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಇಷ್ಟು ಹೇಳಿ ನಿಲ್ಲಿಸಿದ್ದೀರಿ. ಮುಂದಕ್ಕೆ ಹೋಗಿ! ಕಾಲೇಜಿನಲ್ಲಿ ಚೆಂಡು ಎಡ ಗೆರೆಯ ಮೇಲಿದ್ದರೆ ಎಡಗಡೆ 60 ಅಡಿ ಜಾಗ, ಬಲಗಡೆ 100 ಅಡಿ. ಆ ನೂರು ಅಡಿ ಬಯಲಲ್ಲಿ ಚುರುಕು ಕಾಲಿನ ಒಬ್ಬ ಹುಡುಗನನ್ನು ಬಿಟ್ಟರೆ ಸಾಕು, ಎದುರಾಳಿಗೆ ತಲೆನೋವು. ಎನ್‌ಎಫ್‌ಎಲ್‌ನಲ್ಲಿ ಅದೇ ಲೆಕ್ಕ ಸುಮಾರು 71 ಅಡಿ ಮತ್ತು 89 ಅಡಿ. ಬಯಲು ಕಿರಿದಾಯಿತು. ಓಡಿ ಹಿಡಿಯುವವರೂ ಅಷ್ಟೇ ಚುರುಕು. ಚೆಂಡು ಇರುವ ತಂಡದ ಮುಂಚೂಣಿಯ ದಢೂತಿ ಆಟಗಾರರು ಪಾಸ್ (ಮುಂದಕ್ಕೆ ಎಸೆತ) ಹೊರಡುವ ಮೊದಲು ಕಾಲೇಜಿನಲ್ಲಿ ಮೂರು ಗಜ ಮುಂದೆ ಹೋಗಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಓಟವೋ ಪಾಸೋ ಎಂದು ಕೊನೇ ಕ್ಷಣದವರೆಗೆ ಗುಟ್ಟು ಬಿಡದ ಆಟಕ್ಕೆ ಆ ಎರಡು ಗಜವೇ ಜೀವಾಳ. ಹತ್ತು ವರ್ಷ ಅದನ್ನೇ ನಂಬಿ ಗೆದ್ದ ಕೋಚ್ ಇಲ್ಲಿಗೆ ಬಂದಾಗ ಅವನ ತಂತ್ರಗಳ ಪುಸ್ತಕದ ಎಷ್ಟೋ ಪುಟ ಕೆಲಸಕ್ಕೆ ಬರುವುದಿಲ್ಲ. ಇದು ವಾದ. ಇದನ್ನು ಓದಿದವರಿಗೆ ಏನೋ ಒಂದು ಹೊಸದು ತಿಳಿಯುತ್ತದೆ. ‘ಕಾಲೇಜು ಮನಃಸ್ಥಿತಿ’ ಎಂದು ನೀವು ಬರೆದಿರುವ ಮಾತಿನಿಂದ ಏನೂ ತಿಳಿಯುವುದಿಲ್ಲ.

ಮೇಯರ್ ಬಗ್ಗೆ ಬರೆದದ್ದು ಜಾಸ್ತಿ ಆಯಿತು, ಆದರೆ ಬೇಕಾದ್ದು ಬರಲಿಲ್ಲ. ಬಾರ್‌ನ ವಿಡಿಯೊ, ಹಳೇ ಶಿಷ್ಯ ಟಿಮ್ ಟೀಬೊ ಅವರನ್ನು ತಂಡಕ್ಕೆ ತಂದು ಆಮೇಲೆ ಕೈಬಿಟ್ಟದ್ದು, ಒಬ್ಬ ಆಟಗಾರ ಮಾಡಿದ ಆರೋಪ, ಇವನ್ನೆಲ್ಲ ಆಗಿನ ಪತ್ರಿಕೆಗಳೇ ಬರೆದು ಮುಗಿಸಿವೆ. ನನಗೆ ಕಾಡುವುದು ಬೇರೆ ಎರಡು ಅಂಕಿ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಏಳು ಸೀಸನ್‌ಗೆ ಅವರು ಸೋತದ್ದು ಒಟ್ಟು 9 ಪಂದ್ಯ. ಎನ್‌ಎಫ್‌ಎಲ್‌ನ ಜಾಕ್ಸನ್‌ವಿಲ್‌ನಲ್ಲಿ 2021ರಲ್ಲಿ 13 ಪಂದ್ಯಕ್ಕೇ 11 ಸೋಲು. ಅವರಿಗೆ ಸೋಮವಾರ ಬೆಳಿಗ್ಗೆ ಸೋತ ತಂಡದ ಮುಂದೆ ನಿಲ್ಲುವ ಅಭ್ಯಾಸವೇ ಇರಲಿಲ್ಲ. ಎನ್‌ಎಫ್‌ಎಲ್‌ನಲ್ಲಿ ಒಳ್ಳೆಯ ಕೋಚ್ ಕೂಡ ವರ್ಷಕ್ಕೆ ಐದಾರು ಸಲ ಹಾಗೆ ನಿಲ್ಲಬೇಕು. ಕಾಲೇಜಿನಲ್ಲಿ ದೊಡ್ಡ ವಿಶ್ವವಿದ್ಯಾಲಯ ತನಗೆ ಬೇಕಾದ ಹುಡುಗರನ್ನು ಆರಿಸಿ ತರುತ್ತದೆ, ಹೆಚ್ಚಿನ ಶನಿವಾರಗಳಲ್ಲಿ ಎದುರಾಳಿಗಿಂತ ಬಲವಾಗಿಯೇ ಇಳಿಯುತ್ತದೆ. ಎನ್‌ಎಫ್‌ಎಲ್‌ನಲ್ಲಿ ಕೊನೆಯಲ್ಲಿದ್ದ ತಂಡಕ್ಕೆ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ) ಮೊದಲ ಆಯ್ಕೆ, ಒಟ್ಟು ಸಂಬಳಕ್ಕೆ ಎಲ್ಲ ತಂಡಗಳಿಗೂ ಒಂದೇ ಮಿತಿ. ಎಲ್ಲರನ್ನೂ ಸಮ ಮಾಡುವುದೇ ಆ ವ್ಯವಸ್ಥೆಯ ಕೆಲಸ.

ಕರೆಯಬೇಕೇ ಬೇಡವೇ ಎಂದು ನನ್ನನ್ನು ಕೇಳಿದರೆ, ಕರೆಯಿರಿ ಅನ್ನುತ್ತೇನೆ. ಆದರೆ ಟ್ರೋಫಿ ಎಣಿಸಿ ಅಲ್ಲ, ಸೋತ ವರ್ಷಗಳಲ್ಲಿ ಏನು ಮಾಡಿದರು ಅಂತ ನೋಡಿ. ಹಾರ್ಬಾಗೆ ಸಿಕ್ಕಾಗ ಸ್ಟ್ಯಾನ್‌ಫರ್ಡ್ 12ರಲ್ಲಿ ಒಂದು ಗೆದ್ದಿದ್ದ ತಂಡ. ನಾಲ್ಕನೇ ವರ್ಷಕ್ಕೆ 13ರಲ್ಲಿ 12 ಗೆದ್ದಿತು. ಈ ನನ್ನ ಮಾತಿಗೂ ರೂಲ್ ತೊಡಕು ಒಡ್ಡುತ್ತಾರೆ, ಗೊತ್ತು. ಬೇಲರ್ ತಂಡವನ್ನು ಅವರೂ ಒಂದೇ ಗೆಲುವಿನಿಂದ 11 ಗೆಲುವಿಗೆ ತಂದಿದ್ದರು. ಕ್ಯಾರೊಲಿನಾದಲ್ಲಿ ಅವರಿಗೆ ನೆಚ್ಚಿಕೊಳ್ಳುವಂಥ ಕ್ವಾರ್ಟರ್‌ಬ್ಯಾಕ್ ಸಿಗಲೇ ಇಲ್ಲ. ಅಂದಹಾಗೆ ನಿಮ್ಮ ಇಡೀ ಲೇಖನದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಮಾತು ಬರುವುದು ಒಂದೇ ಸಲ. ಅದು ಹೇಗೆ ಸಾಧ್ಯವಾಯಿತೋ!

ಸೇಬನ್ ಅವರ ಕತೆ ಪೂರ್ತಿ ನಿಂತಿರುವುದೇ ಕ್ವಾರ್ಟರ್‌ಬ್ಯಾಕ್ ಮೇಲೆ. ನೀವು ಅವರಿಗೆ ಕೊಟ್ಟಿರುವುದು ಮೂರು ಸಾಲು: ಮಯಾಮಿ ಡಾಲ್ಫಿನ್ಸ್, ಎರಡು ವರ್ಷ, 15 ಗೆಲುವು 17 ಸೋಲು. ಅವರೇನು ವೃತ್ತಿಪರ ಆಟ ಕಾಣದವರಲ್ಲ, 1991ರಿಂದ ನಾಲ್ಕು ಸೀಸನ್ ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್‌ನಲ್ಲಿ ಹೆಡ್ ಕೋಚ್ ಬಿಲ್ ಬೆಲಿಚಿಕ್ ಅವರ ಡಿಫೆನ್ಸ್ ನೋಡಿಕೊಂಡಿದ್ದವರು. 2006ರಲ್ಲಿ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಭುಜಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೊಸ ತಂಡ ಹುಡುಕುತ್ತಿದ್ದರು. ಡಾಲ್ಫಿನ್ಸ್ ವೈದ್ಯರಿಗೆ ಆ ಭುಜದ ಮೇಲೆ ಭರವಸೆ ಬರಲಿಲ್ಲ. ತಂಡ ಎರಡನೇ ಸುತ್ತಿನ ಡ್ರಾಫ್ಟ್ ಆಯ್ಕೆ ಕೊಟ್ಟು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಡಾಂಟೆ ಕಲ್‌ಪೆಪರ್ ಅವರನ್ನು ತಂದಿತು. ಅವರ ಮೊಣಕಾಲು ಹಿಂದಿನ ವರ್ಷವಷ್ಟೇ ಹಾಳಾಗಿತ್ತು. ಭುಜ ಬೇಡ ಎಂದು ಮೊಣಕಾಲು ಕೊಂಡರು. ಕಲ್‌ಪೆಪರ್ ಆ ಸೀಸನ್‌ನಲ್ಲಿ ನಾಲ್ಕೇ ಪಂದ್ಯ ಆಡಿದರು. ನ್ಯೂ ಆರ್ಲಿಯನ್ಸ್‌ಗೆ ಹೋದ ಬ್ರೀಸ್ ಅದೇ ಸೀಸನ್‌ನಲ್ಲಿ ಪಾಸ್‌ಗಳಿಂದ ಗಳಿಸಿದ ಗಜಗಳಲ್ಲಿ ಇಡೀ ಲೀಗಿಗೆ ಮೊದಲಿಗರಾದರು. ಸೇಬನ್ 2007ರ ಜನವರಿಯಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಹೊರಟರು. ಮೂರು ವರ್ಷ ಕಳೆದು, 2010ರ ಜನವರಿ 7ರಂದು ಅವರು ಅಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದರು. ಸರಿಯಾಗಿ ಒಂದು ತಿಂಗಳಿಗೆ, ಫೆಬ್ರವರಿ 7ರಂದು, ಬ್ರೀಸ್ ಸೂಪರ್ ಬೌಲ್ ಗೆದ್ದರು. ಎಲ್ಲಿ? ಡಾಲ್ಫಿನ್ಸ್ ಸ್ಟೇಡಿಯಂನಲ್ಲೇ.

ಇದನ್ನು ಬಿಟ್ಟು ‘ಸೇಬನ್ ವೃತ್ತಿಪರ ಆಟಕ್ಕೆ ಒಗ್ಗಲಿಲ್ಲ’ ಎಂದು ಬರೆದರೆ ಓದುಗನಿಗೆ ಏನು ಸಿಕ್ಕಿತು? ಕಾಲೇಜಿನಲ್ಲಿ ಒಬ್ಬ ಹುಡುಗನ ಭುಜ ನೋಯುತ್ತಿದ್ದರೆ ಪಕ್ಕದಲ್ಲಿ ಇನ್ನೊಬ್ಬ ಕಾದಿರುತ್ತಾನೆ, ಮುಂದಿನ ವರ್ಷ ಮತ್ತೊಂದಷ್ಟು ಜನ ಬರುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಒಂದು ವೈದ್ಯಕೀಯ ವರದಿ ತಪ್ಪಾದರೆ ಕೋಚ್‌ನ ಹಣೆಬರಹವೇ ಬೇರೆ.

ದ್ರಾವಿಡ್ ಪ್ಯಾರಾ ತೆಗೆಯಿರಿ. ಅಂಡರ್-19 ತಂಡ ನೋಡಿಕೊಂಡು ಆಮೇಲೆ ಹಿರಿಯರ ತಂಡಕ್ಕೆ ಬಂದು 2024ರ ಟಿ20 ವಿಶ್ವಕಪ್ ಗೆಲ್ಲಿಸಿದರು, ನಿಜ. ಆದರೆ 164 ಟೆಸ್ಟ್ ಆಡಿದವರನ್ನು ಹೊರಗಿನಿಂದ ಬಂದ ಕಾಲೇಜು ಕೋಚ್ ಜೊತೆ ಹೋಲಿಸಲು ಬರುವುದಿಲ್ಲ. ಎರಡೂ ತಂಡ ಒಂದೇ ಮಂಡಳಿಯವು ಬೇರೆ. ಕನ್ನಡ ಓದುಗರಿಗೆ ಹತ್ತಿರವಾಗಲಿ ಅಂತ ಸುಮ್ನೆ ತುರುಕಿದ್ದೀರಿ, ಅದು ಗೊತ್ತಾಗುತ್ತದೆ.

ಹಾಗೆಯೇ ‘ಅವರು ವಿಫಲತೆಯನ್ನು ಅನುಭವಿಸಬೇಕಾದ ಪರಿಸ್ಥಿತಿ ನಿರ್ಮಾಣವಾಯಿತು’ ಎಂಬಂಥ ಸಾಲುಗಳು ಆರೇಳು ಕಡೆ ಇವೆ. ‘ಸೋತರು’ ಸಾಕು.

ಕಾಲೇಜು ಫುಟ್‌ಬಾಲ್ ಈಗ ಬದಲಾಗಿದೆ, ಅದರ ಬಗ್ಗೆ ನಿಮ್ಮಲ್ಲಿ ಒಂದು ಅಕ್ಷರವೂ ಇಲ್ಲ. ಆಟಗಾರರು ವರ್ಷವರ್ಷ ವಿಶ್ವವಿದ್ಯಾಲಯ ಬದಲಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ದುಡ್ಡು ಕೊಡುತ್ತಿವೆ. ಅಲ್ಲಿನ ಕೋಚ್ ಕೂಡ ಈಗ ಸಂಬಳದ ಲೆಕ್ಕ ಹಾಕಬೇಕು, ಬೇಸತ್ತ ಆಟಗಾರನನ್ನು ಒಲಿಸಿಕೊಳ್ಳಬೇಕು. ಮುಂದಿನ ಹತ್ತು ವರ್ಷದಲ್ಲಿ ಅಲ್ಲಿಂದ ಬರುವವರು ಸ್ಪರಿಯರ್ ಥರ ಇರುವುದಿಲ್ಲ. ಎದುರು ದಿಕ್ಕಿನ ಪಯಣವೂ ಸುಲಭವಿಲ್ಲ. ಆರು ಸೂಪರ್ ಬೌಲ್ ಗೆದ್ದ ಬೆಲಿಚಿಕ್ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ 2025ರ ಮೊದಲ ಸೀಸನ್‌ನಲ್ಲಿ 4 ಗೆದ್ದು 8 ಸೋತರು. ಇದಕ್ಕೆ ಒಂದು ಪ್ಯಾರಾ ಸಾಕು, ಜಾಸ್ತಿ ಬೇಡ.

ಮುಂದಿನ ಕರಡಿನಲ್ಲಿ ಐದು ಹೆಸರು ಬೇಡ. ಸೇಬನ್ ಒಬ್ಬರನ್ನೇ ಹಿಡಿದು, ಹ್ಯಾಶ್ ಗೆರೆಗಳ ಪ್ಯಾರಾವನ್ನು ಆವರಣದಿಂದ ಹೊರಗೆ ತಂದು, ಸಾವಿರ ಪದದೊಳಗೆ ಬರೆಯಿರಿ. ನಮ್ಮ ಓದುಗರಲ್ಲಿ ಹೆಚ್ಚಿನವರು ಈ ಆಟ ನೋಡಿದವರಲ್ಲ, ಆದ್ದರಿಂದ ಕ್ವಾರ್ಟರ್‌ಬ್ಯಾಕ್ ಏನು ಮಾಡುತ್ತಾನೆ ಎಂದು ಒಂದು ಸಾಲು ಸೇರಿಸಿ. ಕೌಬಾಯ್ಸ್ ಬಗ್ಗೆ ಬೇರೆಯೇ ಲೇಖನ ಬರೆಯುವ ಮನಸ್ಸಿದ್ದರೆ ಅದನ್ನೂ ನೋಡೋಣ. ಮತ್ತೆ, ದಯವಿಟ್ಟು ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಹಳೇ ಫಾಂಟ್‌ನಲ್ಲಿ ಬಂದ ಫೈಲಿನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಪೆಟ್ರಿನೊ ಯಾರೆಂದು ಊಹಿಸಿಕೊಳ್ಳಲು ಅವರ ಸೋಲಿನ ಲೆಕ್ಕವನ್ನೇ ನೋಡಬೇಕಾಯಿತು.

ಸಂಪಾದಕ