ನರ್ಸ್‌ಗಳಿಗೆ ಜಾಗತಿಕ ಮಾನವ ಹಕ್ಕು, ಅಭಿವೃದ್ಧಿ ಕೆಲಸದಲ್ಲಿ ಜಾಗ ಇದೆಯಾ?

ಬಾಗಲಕೋಟೆಯಲ್ಲಿ ಬಿಎಸ್ಸಿ ನರ್ಸಿಂಗ್ ಕೊನೆ ವರ್ಷ ಓದುತ್ತಿದ್ದೇನೆ, ಇಂಥ ಕೆಲಸವೆಲ್ಲ ಡಾಕ್ಟರುಗಳದ್ದೇನಾ ಅಂತ ಕೇಳಿದ್ದೀರಿ. ಅಲ್ಲ. ನಾನು ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಹೇಳುತ್ತೇನೆ.

ಹೆರಿಗೆ ಆದ ಮೇಲೆ ರಕ್ತ ಜಾಸ್ತಿ ಹೋದರೆ ತಾಯಿಯ ಜೀವಕ್ಕೇ ಅಪಾಯ. ತಡೆಯಲು ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಸೂಜಿ ಹಾಕಲು ಕಲಿತವರು ಬೇಕು. ರಕ್ತಸ್ರಾವ ತಡೆಯುವ ಇನ್ನೊಂದು ಔಷಧಿ ಮಿಸೊಪ್ರೊಸ್ಟಾಲ್ ಮಾತ್ರೆಗೆ ಈ ರಗಳೆ ಇಲ್ಲ. ಅದು ಹಳ್ಳಿಯಲ್ಲಿ ಕೆಲಸ ಮಾಡುತ್ತದಾ ಅಂತ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯಲ್ಲೇ ನೋಡಿದರು. ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನವರೂ ಅಮೆರಿಕದ ಸಂಶೋಧಕರೂ ಸೇರಿ ಮಾಡಿದ ಅಧ್ಯಯನ, 1,620 ಹೆಂಗಸರು ಅದರಲ್ಲಿದ್ದರು. ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು ಎಎನ್‌ಎಂ ಸಿಸ್ಟರ್‌ಗಳು, ಅಂದರೆ ಹಳ್ಳಿಗಳಲ್ಲಿ ಹೆರಿಗೆ ನೋಡಿಕೊಳ್ಳುವ ಸಹಾಯಕ ನರ್ಸ್‌ಗಳು. ಹೋಲಿಸಿ ನೋಡಲು ಕೊಟ್ಟ, ಔಷಧಿ ಇಲ್ಲದ ಸುಳ್ಳು ಮಾತ್ರೆ ಪಡೆದವರಲ್ಲಿ ಶೇ 12 ಜನರಿಗೆ ರಕ್ತಸ್ರಾವ ಹೆಚ್ಚಾಗಿತ್ತು, ನಿಜವಾದ ಮಾತ್ರೆ ಪಡೆದವರಲ್ಲಿ ಶೇ 6.4. ಇದು 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಬೇರೆ ದೇಶಗಳ ಅಧ್ಯಯನಗಳೂ ಇದಕ್ಕೆ ನೆರವಾದವು, ಆದರೆ ನಮ್ಮ ಸಿಸ್ಟರ್‌ಗಳ ಪಾಲು ಸಣ್ಣದಲ್ಲ. ಇಲ್ಲಿ ಎಷ್ಟೋ ಜನ ನರ್ಸ್‌ಗಳಿಗೇ ಇದು ಗೊತ್ತಿಲ್ಲ ಅನ್ನೋದು ಬೇಜಾರು.

ಇನ್ನು ಮಾನವ ಹಕ್ಕು. ನಮ್ಮ ಕಡೆ ಅದು ಹೆಚ್ಚಾಗಿ ತಾಯಿ ಕಾರ್ಡ್ ಮಾಡಿಸುವ ಟೇಬಲ್ಲಿಗೇ ಬರುತ್ತದೆ. "ಆಕಿಗೆ ಹತ್ತೊಂಬತ್ತು ತುಂಬ್ಯಾವ್ರಿ ಸಿಸ್ಟರ್" ಅಂತಾಳೆ ಅತ್ತೆ. ಶಾಲೆ ದಾಖಲೆ ನೋಡಿದರೆ ಹದಿನಾರು. ಹದಿನೆಂಟು ತುಂಬದ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸಿದರೆ ಅದೇ ಓಣಿಯ ಇನ್ನೊಬ್ಬ ಹುಡುಗಿಯನ್ನು ಆಸ್ಪತ್ರೆಗೇ ಕರೆತರದೆ ಮನೆಯಲ್ಲೇ ಹೆರಿಗೆ ಮಾಡಿಸುತ್ತಾರೇನೋ ಅನ್ನೋ ಭಯ. ನನ್ನ ಪ್ರಕಾರ ತಿಳಿಸಲೇಬೇಕು. ಜೊತೆಗೆ ಹುಡುಗಿಯನ್ನು ಅತ್ತೆಯಿಂದ ಬೇರೆ ಕೂರಿಸಿ ಮಾತಾಡಬೇಕು, ಬಿಪಿ, ಹಿಮೋಗ್ಲೋಬಿನ್ ನೋಡಬೇಕು, ಏನೇ ಆದರೂ ಚಿಕಿತ್ಸೆ ನಿಲ್ಲಲ್ಲ ಅಂತ ಅವಳಿಗೆ ನಂಬಿಕೆ ಬರಬೇಕು. ಇದನ್ನು ಮಾಡುವಷ್ಟು ಹೊತ್ತು ಅವಳ ಹತ್ತಿರ ಇರುವವರು ನಾವೇ ಅಲ್ವಾ?

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ನರ್ಸ್‌ಗಳ ಅಂತರರಾಷ್ಟ್ರೀಯ ಮಂಡಳಿ 1899ರಿಂದ ಇದೆ. ಅದರ ನೀತಿ ಸಂಹಿತೆ ಮೊದಲು ಬಂದದ್ದು 1953ರಲ್ಲಿ. 2021ರ ಪರಿಷ್ಕರಣೆಯಲ್ಲಿ ಜಾಗತಿಕ ಆರೋಗ್ಯಕ್ಕೇ ಒಂದು ಭಾಗ ಇದೆ. ಪುಕ್ಕಟೆ ಸಿಗುತ್ತದೆ, ಓದಿ.

ಹೊರಗೆ ಹೋಗುವ ಆಸೆ ಇದ್ದರೆ ಮೊದಲು ಇಲ್ಲೇ ಹೆರಿಗೆ ವಾರ್ಡ್ ಅಥವಾ ಐಸಿಯುನಲ್ಲಿ ಕೆಲಸ ಮಾಡಿ. ಯುದ್ಧ, ಬರ ಇರುವ ಕಡೆ ಕೆಲಸ ಮಾಡುವ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಹೆಸರಿಗೆ ವೈದ್ಯರದ್ದು, ನರ್ಸ್‌ಗಳನ್ನೂ ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ವರ್ಷದ ಅನುಭವ ಕೇಳುತ್ತಾರೆ. ಇಂಗ್ಲಿಷ್ ಜೊತೆ ಫ್ರೆಂಚ್ ಬಂದರೆ ಆಫ್ರಿಕಾದ ಹಲವು ದೇಶಗಳಲ್ಲಿ ಕೆಲಸಕ್ಕೆ ಬರುತ್ತದೆ, ಈಗಲೇ ಕಲಿಯೋಕೆ ಶುರು ಮಾಡಿ.